ತಪ್ಪು, ಮತ್ತೆ ಹೊಡಿ

ಈ ಕಥೆಯ ಮೊದಲ ವಾಕ್ಯ ಹೀಗಿತ್ತು: "ಅಂದು ಬೀಸಿದ ಬಿರುಗಾಳಿಗೆ ಊರಿನ ಮೊಬೈಲ್ ಟವರುಗಳೆಲ್ಲ ನೆಲಕಚ್ಚಿದ್ದವು."

ಅತ್ತೆ ಅದರ ಮೇಲೆ ಅಡ್ಡಗೀಟು ಎಳೆದು ಹಾಳೆಯನ್ನು ನನ್ನತ್ತ ತಳ್ಳಿದಳು. ಆಮೇಲೆ ತನ್ನ ಸ್ಲೇಟು ತೆಗೆದುಕೊಂಡು ಬರೆದಳು: "ಯಾವ ಬಿರುಗಾಳಿ? ಅವತ್ತು ಫುಲ್ ನೆಟ್‌ವರ್ಕ್ ಇತ್ತು."

"ಅತ್ತೆ, ಇದು ಕಥೆ. ಮೊಬೈಲ್ ಇರೋ ಕಾಲದಲ್ಲಿ ಈ ರೇಡಿಯೋ ಯಾಕೆ ಅಂತ ಓದೋರು ಕೇಳ್ತಾರೆ. ಟವರ್ ಬಿದ್ರೆ ಆ ಪ್ರಶ್ನೆನೇ ಏಳಲ್ಲ."

ಸ್ಲೇಟು ಒರೆಸಿ ಮತ್ತೆ ಬರೆದಳು: "ಫೋನ್ ಕೆಟ್ಟಾಗ ಮಾತ್ರ ನನ್ನ ರೇಡಿಯೋಗೆ ಬೆಲೆನಾ? ಲಿಫ್ಟ್ ಇದೆ ಅಂತ ಬೆಳಗ್ಗೆ ವಾಕಿಂಗ್ ಹೋಗೋರನ್ನ ತಡೀತೀಯಾ?"

(ಓದುಗರೇ, ನನ್ನ ಕಷ್ಟ ನಿಮಗೆ ಅರ್ಥವಾಯಿತು ಅಂದುಕೊಳ್ಳುತ್ತೇನೆ. ಪಾತ್ರಗಳು ಲೇಖಕನ ಮಾತು ಕೇಳುವುದಿಲ್ಲ ಅಂತ ದೊಡ್ಡವರು ಹೇಳುತ್ತಾರೆ. ಅವರ ಪಾತ್ರಗಳು ಎದುರಿಗೆ ಕೂತು ಕೆಂಪು ಪೆನ್ನು ಹಿಡಿದಿರಲಿಲ್ಲ, ಅಷ್ಟೆ.)

ಸರಿ. ಬಿರುಗಾಳಿ ಕ್ಯಾನ್ಸಲ್. ನೆಟ್‌ವರ್ಕ್ ಫುಲ್.

1

ಅತ್ತೆ ಅಂದರೆ ನನ್ನ ಸೋದರತ್ತೆ, ಅಪ್ಪನ ತಂಗಿ. ನಾಲ್ಕು ಮಹಡಿಯ ಒಂದು ಕಟ್ಟಡದ ನೆಲಮಹಡಿಯಲ್ಲಿ ಅವಳದೂ ಮಾವನದೂ ಕನ್ನಡಕದ ಅಂಗಡಿ. ತಾರಸಿಯ ಕೆಳಗಿನ ಕೊನೆಯ ಮಹಡಿಯಲ್ಲಿ ಮನೆ. ಮನೆಯ ಹಿಂದಿನ ಕೋಣೆ ಪೂರ್ತಿ ಅತ್ತೆಯ ಹವ್ಯಾಸಕ್ಕೆ: ಒಂದು ರೇಡಿಯೋ ಸೆಟ್ಟು, ಮೈಕು, ಹೆಡ್‌ಫೋನು, ಕುಷನ್ ಹರಿದ ಕುರ್ಚಿ. ಕಿಟಕಿಯಿಂದ ಹೊರಟ ಕೇಬಲ್ಲು ತಾರಸಿಗೆ ಹೋಗಿ, ನೀರಿನ ಟ್ಯಾಂಕಿನಿಂದ ಮೆಟ್ಟಿಲಮನೆಯವರೆಗೆ ನೈಲಾನ್ ಹಗ್ಗದಿಂದ ಬಿಗಿದು ಕಟ್ಟಿದ ಉದ್ದನೆಯ ತಂತಿಗೆ ಸೇರುತ್ತದೆ. ಆ ತಂತಿಯೇ ಆ್ಯಂಟೆನಾ. ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಅವಳು ಇಲ್ಲಿಂದ ಯಾರ್ಯಾರ ಜೊತೆಯೋ ಮಾತಾಡುತ್ತಿದ್ದಳು. ಮಧ್ಯೆ ಕಂಪನಿಯಿಲ್ಲ, ಇಂಟರ್ನೆಟ್ಟಿಲ್ಲ. ಅವಳ ತಂತಿ, ಅವರ ತಂತಿ, ನಡುವೆ ಆಕಾಶ.

ದಿನಾ ಬೆಳಗ್ಗೆ ಅಂಗಡಿ ತೆರೆಯುವ ಮುಂಚೆ ಗೊತ್ತುಮಾಡಿಕೊಂಡ ಒಂದೇ ತರಂಗದಲ್ಲಿ ಒಂದು ಗುಂಪು ಸೇರುತ್ತಿತ್ತು. ಜೇನು ಸಾಕುವ ಹೆಂಗಸೊಬ್ಬಳು, ಒಬ್ಬ ಗಣಿತದ ಮೇಷ್ಟ್ರು, ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತನಾದ ಒಬ್ಬ. ಈ ಕೊನೆಯವನ ಅಡ್ಡಹೆಸರು ಸೌಟು. ಹಾಜರಿ ಕೂಗುವುದು, ಸರದಿ ಪ್ರಕಾರ ಮಾತಾಡಲು ಬಿಡುವುದು, ಉದ್ದ ಕೊಯ್ಯುವವರನ್ನು ಗದರುವುದು ಅತ್ತೆಯ ಕೆಲಸ. ಅತಿ ಹೆಚ್ಚು ಗದರಿಸಿಕೊಂಡವನು ಸೌಟು. ಅತ್ತೆಯೂ ಅವನೂ ಒಬ್ಬರನ್ನೊಬ್ಬರು ಒಮ್ಮೆಯೂ ನೋಡಿಲ್ಲ.

2

ಅತ್ತೆಯ ಗಂಟಲಲ್ಲಿ ಗಡ್ಡೆಯಾಯಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆದರು. ಜೀವ ಉಳಿಯಿತು, ದನಿ ಹೋಯಿತು.

(ಇಲ್ಲಿ ಎರಡು ಪುಟದ ಆಸ್ಪತ್ರೆ ದೃಶ್ಯವಿತ್ತು. ಹಸಿರು ಪರದೆ, ಮಾವನ ನಡುಗುವ ಕೈ, ಅತ್ತೆಯ ಕಣ್ಣೀರು, ಎಲ್ಲ. ಚೆನ್ನಾಗಿ ಬಂದಿತ್ತು ಕೂಡ. ಅತ್ತೆ ಓದಿ, ಬದಿಯಲ್ಲಿ ಬರೆದಳು: "ಅತ್ತಿದ್ದು ನಿಜ. ಆದ್ರೆ ಅದು ನಿನ್ನ ಕಥೆಗೆ ಅಂತ ಅತ್ತಿದ್ದಲ್ಲ." ಹರಿದುಹಾಕಿದೆ.)

2, ಇನ್ನೊಮ್ಮೆ

ಮನೆಗೆ ಬಂದ ಮೇಲೆ ಅತ್ತೆ ಹಿಂದಿನ ಕೋಣೆಯ ಬಾಗಿಲು ಮುಚ್ಚಿದಳು. ಗುಂಪಿನವರದು ವಾಟ್ಸ್ಆ್ಯಪ್ ಗ್ರೂಪೂ ಇತ್ತು, ಅದರಲ್ಲಿ ಅವಳ ಪರವಾಗಿ ನಾನೇ ಬರೆದೆ: "ಅತ್ತೆಗೆ ಇನ್ನು ಮಾತಾಡಲು ಆಗುವುದಿಲ್ಲ. ಎಲ್ಲರಿಗೂ ನಮಸ್ಕಾರ ತಿಳಿಸಿದ್ದಾಳೆ." ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದವು. ಸೌಟು ಮಾತ್ರ ಏನೂ ಹಾಕಲಿಲ್ಲ.

ನಾನು ಅವಳ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟೆ. ಟೈಪ್ ಮಾಡಿದ್ದನ್ನು ಅದು ಗಟ್ಟಿಯಾಗಿ ಓದಿ ಹೇಳುತ್ತಿತ್ತು, ರೈಲು ತಡವಾಗಿದೆ ಅಂತ ಹೇಳುವ ದನಿಯಲ್ಲಿ. ಅತ್ತೆ ಅಂಗಡಿಯಲ್ಲಿ ಒಮ್ಮೆ ಅದನ್ನು ಬಳಸಿದಳು. ದನಿ ಎಲ್ಲಿಂದ ಬಂತೆಂದು ಗಿರಾಕಿ ತಿರುಗಿ ಬೀದಿ ಕಡೆ ನೋಡಿದ. ಅತ್ತೆ ಮತ್ತೆ ಟೈಪ್ ಮಾಡಿದಳು. "ಈ ದರಿದ್ರವನ್ನು ಆಫ್ ಮಾಡು," ಅಂತ ಆ ದನಿ ಬಹಳ ವಿನಯದಿಂದ ಹೇಳಿತು. ಅಲ್ಲಿಂದ ಸ್ಲೇಟೇ ಗತಿ.

ಅಷ್ಟರಲ್ಲಿ ಕಟ್ಟಡದ ಸೆಕ್ರೆಟರಿ ತಾರಸಿ ಮೇಲೆ ಸೋಲಾರ್ ಹಾಕಿಸಲು ಹೊರಟರು. ಮಾವನನ್ನು ಮೆಟ್ಟಿಲ ಹತ್ತಿರ ನಿಲ್ಲಿಸಿಕೊಂಡು ಕೇಳಿದರಂತೆ: "ಎಲ್ಲರ ಕೈಯಲ್ಲೂ ಫೋನಿದೆ. ಆ ತಂತಿ ಯಾರಿಗೆ ಬೇಕು ಸಾರ್?"

ಮಾವ ತಲೆ ತಗ್ಗಿಸಿಯೇ ಹೇಳಿದರಂತೆ: "ಅವಳು ಆ ರೂಮಿಗೆ ಕಾಲಿಡೋದೇ ಬಿಟ್ಟಿದಾಳೆ. ಬಟ್ಟೆ ಒಣಗ್ಹಾಕೋಕೆ ಹೋದಾಗೆಲ್ಲ ತಂತಿ ನೋಡಿ ನಿಂತುಬಿಡ್ತಾಳೆ. ತೆಗೆಸಿಬಿಡಿ. ಕಣ್ಮುಂದೆ ಇಲ್ದಿದ್ರೆ ಸಂಕಟಾನೂ ಕಮ್ಮಿಯಾಗುತ್ತೆ."

ಈ ವಿಷಯ ಅವರು ಅತ್ತೆಗೆ ಹೇಳಲಿಲ್ಲ. ಹೇಳಲು ಧೈರ್ಯವಿರಲಿಲ್ಲ.

4

(3 ಇಲ್ಲ. 3ರಲ್ಲಿ ಅತ್ತೆ ಕಿಟಕಿ ಬಳಿ ನಿಂತು ಜೀವನದ ಬಗ್ಗೆ ಯೋಚಿಸುತ್ತಿದ್ದಳು. "ಅಂಗಡಿ ಯಾರು ನೋಡ್ಕೋತಿದ್ರು?" ಅಂತ ಕೇಳಿದಳು. ಆ ಹಾಳೆಯೂ ಕಸದ ಬುಟ್ಟಿಗೆ ಹೋಯಿತು.)

ಮಾವನಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಅವರು ಅಂಗಡಿಯ ಷಟರ್ ಎತ್ತಲು ಕೆಳಗಿಳಿದ ತಕ್ಷಣ ಅತ್ತೆ ಹಿಂದಿನ ಕೋಣೆಗೆ ಹೋಗಿ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದಳು. ಬರೀ ಕೇಳಲಿಕ್ಕೆ. ಗುಂಪಿನವರು ಮಾತಾಡುತ್ತಿದ್ದರು, ನಗುತ್ತಿದ್ದರು. ಹಾಜರಿ ಕೂಗುವವರಿಲ್ಲದೆ ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಕೊನೆಗೆ ಎಲ್ಲರೂ ಸುಮ್ಮನಾದ ಮೇಲೆ ಸೌಟು ಮೋರ್ಸ್ ಹೊಡೆಯುತ್ತಿದ್ದ.

ಮೋರ್ಸ್ ನಿಮಗೆ ಗೊತ್ತು: ಗಿಡ್ಡ ಸದ್ದು ಡಿ, ಉದ್ದ ಸದ್ದು ದಾ, ಅವುಗಳ ಜೋಡಣೆಯೇ ಇಂಗ್ಲಿಷ್ ಅಕ್ಷರ. ಮೇಜಿನ ಮೇಲಿನ ಸಣ್ಣ ಕೀಲಿಯನ್ನು ಬೆರಳಿಂದ ಒತ್ತಿದರಾಯಿತು, ಬಾಯಿ ಬೇಡ. ಸೌಟು ಹೊಡೆಯುತ್ತಿದ್ದದ್ದು ಅತ್ತೆಯ ಕಾಲ್‌ಸೈನ್. ಗಾಳಿಯಲ್ಲಿ ಅವಳಿಗಿರುವ ಹೆಸರು. ಆಗಷ್ಟೇ ಕಲಿಯುತ್ತಿದ್ದನೆಂದು ಕಾಣುತ್ತದೆ. ಕೊನೆಯ ಅಕ್ಷರ ವೈ. ದಾ ಡಿ ದಾ ದಾ. ಅವನು ದಿನಾ ಕ್ಯೂ ಹೊಡೆಯುತ್ತಿದ್ದ: ದಾ ದಾ ಡಿ ದಾ. ಒಂದು ದಿನವಲ್ಲ, ಎರಡು ದಿನವಲ್ಲ.

ನಾನು ಬರೆದಿದ್ದೆ: "ಗೆಳೆಯನ ಕರೆ ಕೇಳಿ ಅವಳ ಎದೆ ತುಂಬಿ ಬಂತು."

ಅತ್ತೆ ತಿದ್ದಿದಳು: "ಮೈ ಉರಿದುಹೋಯ್ತು."

ಆ ಉರಿಯಲ್ಲೇ ಅವಳು ಲೈಸೆನ್ಸಿಗಾಗಿ ಎಂದೋ ಕಲಿತು ಮರೆತಿದ್ದ ಮೋರ್ಸನ್ನು ಮತ್ತೆ ಕೈಗೆ ತಂದುಕೊಂಡಳು. ಅಂಗಡಿಯಲ್ಲಿ ಗಾಜು ಒರೆಸುತ್ತಾ, ಕನ್ನಡಕದ ಕಡ್ಡಿಯಿಂದ ಕೌಂಟರನ್ನು ಕುಟ್ಟುತ್ತಿದ್ದಳು. ಅವಳ ಕೈ ನಡುಗುತ್ತಿದೆ ಅಂದುಕೊಂಡು ಮಾವ ಇನ್ನಷ್ಟು ಕುಗ್ಗಿದರು.

5

ರಜಾ ದಿನ. ನಾನು ತಿಂಡಿಗೆಂದು ಹೋಗಿದ್ದೆ. ಮಾವ ಮನೆಯಲ್ಲಿರಲಿಲ್ಲ. ಅತ್ತೆ ನನ್ನ ತೋಳು ಹಿಡಿದು ಹಿಂದಿನ ಕೋಣೆಗೆ ಎಳೆದುಕೊಂಡು ಹೋಗಿ, ನನಗೂ ಕೇಳಲೆಂದು ಹೆಡ್‌ಫೋನಿನ ವೈರು ಕಿತ್ತಳು. ಸ್ಪೀಕರಿನಲ್ಲಿ ಗೊರಗೊರ. ಆಮೇಲೆ ಸೌಟಿನ ಸದ್ದು, ತಡವರಿಸುತ್ತಾ. ಕೊನೆಯ ಅಕ್ಷರ, ದಾ ದಾ ಡಿ ದಾ.

ಅತ್ತೆ ಕೀಲಿಯ ಮೇಲೆ ಬೆರಳಿಟ್ಟಳು. ಸರಾಗವಾಗಿ ಏನೋ ಹೊಡೆದು, ನನಗಾಗಿ ಸ್ಲೇಟಿನ ಮೇಲೂ ಬರೆದಳು: "ತಪ್ಪು. ಮತ್ತೆ ಹೊಡಿ."

ಆಮೇಲೆ ಬಹಳ ನಿಧಾನವಾಗಿ ಸದ್ದುಗಳು ಬಂದವು. ಅತ್ತೆ ಒಂದೊಂದೇ ಅಕ್ಷರ ಬರೆದುಕೊಂಡಳು: ಅಕ್ಕ ನೀ...

ಅಷ್ಟೆ. ಸದ್ದು ಸೊರಗಿ, ಗೊರಗೊರದೊಳಗೆ ಮುಳುಗಿಹೋಯಿತು.

ಅತ್ತೆ ಸೂರಿನ ಕಡೆ ನೋಡಿದಳು. ತಾರಸಿಯಲ್ಲಿ ಹೆಜ್ಜೆ ಸಪ್ಪಳ, ಕಬ್ಬಿಣ ಎಳೆಯುವ ಸದ್ದು. ಅವಳಿಗೆ ಎಲ್ಲ ಅರ್ಥವಾಯಿತು. ಬಾಯಿ ದೊಡ್ಡದಾಗಿ ತೆರೆಯಿತು. ಕೂಗಲು ದನಿ ಇರಲಿಲ್ಲ.

(ಇಲ್ಲಿ ಕಥೆ ನಿಲ್ಲಿಸಬಹುದಿತ್ತು. ನನ್ನ ಹಳೆಯ ಕಥೆಗಳನ್ನು ಓದಿದವರಿಗೆ ಗೊತ್ತು, ನಾನು ಇಂಥ ಕಡೆಯೇ ನಿಲ್ಲಿಸುವವನು. ತೆರೆದ ಬಾಯಿ, ಇಲ್ಲದ ದನಿ, ವಿಮರ್ಶಕರು ಸಂತೋಷಪಡುತ್ತಾರೆ. ಆದರೆ ಅತ್ತೆ ನಿಲ್ಲಲಿಲ್ಲ, ನಾನೇನು ಮಾಡಲಿ?)

ಅವಳು ಮೇಜಿನ ಮೇಲಿದ್ದ ಸ್ಪ್ಯಾನರ್ ಎತ್ತಿಕೊಂಡು ಕಿಟಕಿಯ ಗ್ರಿಲ್ಲಿಗೆ ಬಾರಿಸತೊಡಗಿದಳು. ಇಡೀ ಕಟ್ಟಡ ಗಣಗಣ ಅಂದಿತು. ನಾನು ಮೆಟ್ಟಿಲ ಕಡೆ ಓಡುವಾಗ ಸ್ಲೇಟನ್ನು ನನ್ನ ಮುಖಕ್ಕೆ ಹಿಡಿದಳು: "ಹಗ್ಗ ಮಾತ್ರ ಹಿಡೀಲಿ. ತಂತಿ ಮುಟ್ಬಾರ್ದು, ಶಾಕ್ ಹೊಡೆಯುತ್ತೆ."

ತಾರಸಿಯಲ್ಲಿ, ಸೋಲಾರ್ ಕೂರಿಸಲು ಬಂದ ವೆಲ್ಡರ್ ಟ್ಯಾಂಕಿನ ಕಡೆಯ ನೈಲಾನ್ ಹಗ್ಗ ಕತ್ತರಿಸಿದ್ದ. ತಂತಿಯ ಒಂದು ತುದಿ ಒಣಹಾಕಿದ ಬೆಡ್‌ಶೀಟುಗಳ ಮೇಲೆ ಬಿದ್ದಿತ್ತು. ಮಾವ ಆಗಲೇ ಅವನ ಕೈ ಹಿಡಿದುಕೊಂಡಿದ್ದರು.

"ನಿಲ್ಸಪ್ಪ, ನಿಲ್ಸು! ಅವಳು ಬೈತಿದಾಳೆ!"

"ಯಾರೋ ಗ್ರಿಲ್ ರಿಪೇರಿ ಮಾಡ್ತಿರ್ಬೇಕು ಸಾರ್," ಅಂದರು ಸೆಕ್ರೆಟರಿ.

"ಇಷ್ಟು ವರ್ಷ ಬೈಸ್ಕೊಂಡಿದೀನಿ, ನನಗೆ ಗೊತ್ತಾಗಲ್ವಾ? ಇದು ಅವಳ ಬೈಗುಳಾನೇ!" ಮಾವನ ಮುಖ ನೋಡಬೇಕಿತ್ತು. ಕಳೆದುಹೋದ ಮಗು ಸಿಕ್ಕವರ ಹಾಗೆ.

"ಮಾವ, ಯಾರೋ ಉತ್ತರ ಕೊಡ್ತಿದಾರೆ! ತಂತಿ ಮೇಲೆತ್ತಬೇಕು! ಹಗ್ಗ ಮಾತ್ರ ಹಿಡೀರಿ!"

ಕತ್ತರಿಸಿದ ಹಗ್ಗ ಟ್ಯಾಂಕಿನವರೆಗೆ ಮುಟ್ಟುತ್ತಿರಲಿಲ್ಲ. ಮಾವ ಪಂಚೆ ಮೇಲೆ ಕಟ್ಟಿ ಟ್ಯಾಂಕಿನ ಕಟ್ಟೆ ಹತ್ತಿದರು, ಹಗ್ಗದ ಮೋಟು ತುದಿಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದರು. ಕಾಲು ಜಾರಿತು. ಸೆಕ್ರೆಟರಿ "ಅಯ್ಯಯ್ಯೋ" ಅನ್ನುತ್ತಾ ಓಡಿಬಂದು ಮಾವನ ಸೊಂಟವನ್ನು ಅಪ್ಪಿ ಹಿಡಿದರು. ತಂತಿ ಬೆಡ್‌ಶೀಟುಗಳನ್ನು ಬಿಟ್ಟು ಮೇಲೆದ್ದಿತು.

ನಾನು ಕೆಳಗೆ ಓಡಿದೆ.

ಕೋಣೆಯಲ್ಲಿ ಸೌಟು ಮೋರ್ಸ್ ಮರೆತು ಮೈಕಿಗೇ ಬಾಯಿಟ್ಟಿದ್ದ. "ಅಕ್ಕ! ನೀನಾ? ನೀನೇ ತಾನೆ? ಇನ್ಯಾರು ಹಂಗೆ ಗದರ್ತಾರೆ! ನಿನ್ನ ಜಾಗಕ್ಕೆ ನಾವು ಯಾರನ್ನೂ ಕೂರಿಸಿಲ್ಲ ಅಕ್ಕ. ನಿನಗೆ ಬಾಯಿ ಬೇಡದೇ ಇರೋ ಹಾಗೆ ಮಾಡೋಣ ಅಂತ ಎಲ್ಲರೂ ಕೀಲಿ ತಗೊಂಡಿದೀವಿ. ಮೇಷ್ಟ್ರು ಕೂಡ! ನೀನು ಕೇಳ್ತಿದೀಯೋ ಇಲ್ವೋ ಅಂತಾನೂ ಗೊತ್ತಿರ್ಲಿಲ್ಲ..."

ಅತ್ತೆಯ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. (ಇದನ್ನು ಬಿಟ್ಟಿದ್ದಾಳೆ. ಹೊಡೆದುಹಾಕಿಲ್ಲ.) ಬೆರಳು ಮಾತ್ರ ಗಟ್ಟಿಯಾಗಿತ್ತು. ಹೊಡೆದಳು: "ಮೈಕ್ ಕೆಳಗಿಡು. ಕೀಲಿ ಹಿಡಿ."

ಅವನು ಹಿಡಿದ. ಹಿಂದೆಯೇ ಜೇನಿನವಳು ಬಂದಳು, ಮೇಷ್ಟ್ರು ಬಂದರು, ಎಲ್ಲರೂ ಎಡವುತ್ತಾ, ಅಕ್ಷರ ನುಂಗುತ್ತಾ. ಅತ್ತೆ ಒಬ್ಬೊಬ್ಬರನ್ನೇ ಸಾಲಿಗೆ ನಿಲ್ಲಿಸಿದಳು. ಹಾಜರಿ ಕೂಗಿದಳು. ಹೌದು, ಕೂಗಿದಳು, ಬೇರೆ ಕ್ರಿಯಾಪದ ನನಗೆ ಬೇಡ. ಅವಳಷ್ಟು ಚೊಕ್ಕವಾಗಿ ಮಾತಾಡುವವರು ಆ ಬೆಳಗ್ಗೆ ಆ ತರಂಗದಲ್ಲಿ ಇನ್ನೊಬ್ಬರಿರಲಿಲ್ಲ.

ತಾರಸಿಯಲ್ಲಿ ಇಬ್ಬರು ಗಂಡಸರು ತಬ್ಬಿಕೊಂಡೇ ನಿಂತಿದ್ದರು. "ಮುಗೀತಾ?" ಅಂತ ಸೆಕ್ರೆಟರಿ ಕೂಗಿದರು.

"ಈಗ ಶುರುವಾಗಿದೆ!" ಅಂತ ಕಿಟಕಿಯಿಂದ ನಾನು ಕೂಗಿದೆ.

"ಏನಂತೆ? ಏನಂತಿದಾರೆ ಅವರು?"

"ಮೇಷ್ಟ್ರಿಗೆ ಕಾಗುಣಿತ ಬರಲ್ವಂತೆ!"

ಮಾವ ನಕ್ಕ ರಭಸಕ್ಕೆ ತಂತಿ ಅಲ್ಲಾಡಿ ಸದ್ದು ಏರಿಳಿಯಿತು. ವೆಲ್ಡರ್ ತಾನೇ ಕೆಳಗೆ ಹೋಗಿ ಹೊಸ ಹಗ್ಗ ತಂದ.

6, ಅಂದರೆ ಮುಕ್ತಾಯ

(ಅ) ಗಂಟಲಿಗೆ ಹೊಸ ಯಂತ್ರ ಬಂದು ಅತ್ತೆ ಮತ್ತೆ ಮಾತಾಡುತ್ತಾಳೆ. ಅತ್ತೆಯ ಟಿಪ್ಪಣಿ: "ಬೇಕಾದಾಗ ನಾನೇ ಡಾಕ್ಟರ ಹತ್ತಿರ ಹೋಗ್ತೀನಿ. ನೀನು ಕಳಿಸ್ಬೇಡ."

(ಆ) ಸೌಟು ಹೂಗುಚ್ಛ ಹಿಡಿದು ಅಂಗಡಿಗೆ ಬರುತ್ತಾನೆ. "ಬಂದ್ರೆ ಕಣ್ಣು ಟೆಸ್ಟ್ ಮಾಡಿ ಕಳಿಸ್ತೀನಿ. ಕಥೆಯಲ್ಲಿ ಬೇಡ."

(ಇ) ಸೋಲಾರ್ ಮೆಟ್ಟಿಲಮನೆಯ ಆಚೆ ಬದಿಗೆ ಸರಿಯಿತು, ಸೆಕ್ರೆಟರಿ ಸಂಜೆ ಬಂದು, "ಇದರಲ್ಲಿ ಎಲ್ಲೀವರೆಗೆ ಹೋಗ್ಬಹುದು ಮೇಡಂ?" ಅಂತ ಕೇಳುತ್ತಿದ್ದಾರೆ. ಇದು ನಡೆದದ್ದೇ. ಆದರೆ ಇದನ್ನು ಮುಕ್ತಾಯ ಅನ್ನಲು ಅತ್ತೆ ಒಪ್ಪುವುದಿಲ್ಲ.

"ಹಾಗಾದ್ರೆ ಹೇಗೆ ಮುಗಿಸ್ಲಿ ಅತ್ತೆ? ಓದೋರು ಕಾಯ್ತಿದಾರೆ," ಅಂತ ಈಗಷ್ಟೇ ಕೇಳಿದೆ.

ಅವಳು ಸ್ಲೇಟು ಎತ್ತಿಕೊಂಡಳು. ಬರೆಯಲಿಲ್ಲ. ಪಕ್ಕದಲ್ಲೇ ಹಚ್ಚಿಟ್ಟ ರೇಡಿಯೋದ ಗೊರಗೊರದ ಆಳದಿಂದ ಯಾವುದೋ ಗೊತ್ತಿಲ್ಲದ ಕೈ ತೀರಾ ಸಣ್ಣದಾಗಿ ಹೊಡೆಯುತ್ತಿದೆ. ಗುಂಪಿನವರದಲ್ಲ. ಬಹಳ ದೂರದ್ದು. ಎರಡು ಅಕ್ಷರ ಸಿಕ್ಕಿವೆ, ಮೂರನೆಯದು ಜಾರಿಹೋಯಿತು. ಅತ್ತೆ ಕಣ್ಣು ಮುಚ್ಚಿ, ಒಂದು ಕೈ ಎತ್ತಿ ನನ್ನನ್ನು ತಡೆದಿದ್ದಾಳೆ.

ಪೆನ್ನು ಕೆಳಗಿಡುತ್ತಿದ್ದೇನೆ. ನೀವೂ ಸ್ವಲ್ಪ ಸುಮ್ಮನಿರಿ, ಅವಳಿಗೆ ಕೇಳಿಸಬೇಕು.