ಆಗಸ್ಟಿನ ಬ್ಯಾರನ್

ಬೀದಿಬಾಗಿಲಿನ ಚಿಲಕಕ್ಕೆ ಯಾರೋ ಕೀಲಿಕೈಯಿಂದ ಮೆಲ್ಲಗೆ ತಟ್ಟಿದರು. ಟಿಕ್, ಟಿಕ್. ಪಕ್ಕದ ಮನೆಗೆ ಕೇಳಿಸಬಾರದು ಎಂದುಕೊಂಡವರು ತಟ್ಟುವ ಸದ್ದು ಅದು. ಸುಧಾ ಕಣ್ಣು ಬಿಟ್ಟವಳೇ ಮೊದಲು ಪಕ್ಕದಲ್ಲಿ ಮಲಗಿದ್ದ ತಾಯಿಯ ಉಸಿರನ್ನು ಆಲಿಸಿದಳು. ಚಾಮುಂಡಮ್ಮನಿಗೆ ಎಚ್ಚರವಾಗಿರಲಿಲ್ಲ. ಗಡಿಯಾರದಲ್ಲಿ ಹನ್ನೊಂದೂಕಾಲು. ಐದು ತಿಂಗಳ ಹಿಂದೆ ಇದೇ ಹೊತ್ತಿನಲ್ಲಿ ಠಾಣೆಯವರು ಇದೇ ಬಾಗಿಲಲ್ಲಿ ನಿಂತು, ಪೊಲೀಸ್ ಕೆಲಸದಲ್ಲಿದ್ದ ತಮ್ಮ ಚೆಲುವರಾಜು ಸತ್ತ ಸುದ್ದಿ ಹೇಳಿದ್ದರು. ಅಂದಿನಿಂದ ರಾತ್ರಿಯ ಯಾವ ಸದ್ದೂ ಅವಳಿಗೆ ಸಣ್ಣದಾಗಿರಲಿಲ್ಲ.

"ನಾನು ಕಣಮ್ಮಾ, ಜವರಯ್ಯ," ಎಂದಿತು ಹೊರಗಿನ ದನಿ. "ಎದ್ರಕೋಬ್ಯಾಡಿ. ಟೈಪು ಮಾಡ್ಸೋದೈತೆ."

ಹೆಡ್ ಕಾನ್‌ಸ್ಟೇಬಲ್ ಜವರಯ್ಯ ಶಾಲಿನೊಳಗಿಂದ ಒಂದು ಫೈಲು ತೆಗೆದು ಮೇಜಿನ ಮೇಲಿಟ್ಟ. ಮನೆಯ ಮುಂಭಾಗದ ಆ ಕೋಣೆಯಲ್ಲಿ ಮೂರು ಟೈಪ್‌ರೈಟರುಗಳಿದ್ದವು. ಮೈಸೂರಿನಲ್ಲಿ ಬಿ.ಎ. ಮುಗಿಸಿ ಬಂದ ಸುಧಾ ಬೆಳಿಗ್ಗೆ ಹುಣಸೂರಿನ ಹುಡುಗಿಯರಿಗೆ ಟೈಪಿಂಗ್ ಕಲಿಸುತ್ತಿದ್ದಳು. ಉಳಿದ ಹೊತ್ತಿನಲ್ಲಿ ಅರ್ಜಿ, ಕರಾರು, ಕಚೇರಿಯ ಕಾಗದ. ಅವಳ ಬಳಿ ಹೋದ ಕಾಗದ ತಪ್ಪಿಲ್ಲದೆ ಹಿಂದಿರುಗುತ್ತದೆ ಎಂಬ ಮಾತು ಊರಲ್ಲಿತ್ತು. ಅಕ್ಷರವಷ್ಟೇ ಅಲ್ಲ, ತಾರೀಖು, ವಾರ, ಊರಿನ ಹೆಸರು, ಎಲ್ಲವನ್ನೂ ಕೇಳದೆಯೇ ತಿದ್ದುತ್ತಿದ್ದಳು.

"ಸಿಕ್ಬುಟ್ಟ ಕಣಮ್ಮಾ," ಜವರಯ್ಯ ದನಿ ತಗ್ಗಿಸಿದ. "ನಿಮ್ ತಮ್ಮನ್ನ ತಿಂದೋನು ಸಿಕ್ಬುಟ್ಟ. ಹನಗೋಡು ಕಡೆಯೋನು, ಮಾದೇಶ ಅಂತ. ಕಾಡಿನ ಗ್ಯಾಂಗಿಗೆ ಸಿಡಿಮದ್ದು ಒದಗಿಸಿದೋನು ಇವ್ನೇಯ. ಬೆಳಿಗ್ಗೆ ಮೈಸೂರಿಂದ ದೊಡ್ಡ ಸಾಹೇಬ್ರು ಬತ್ತಾರೆ. ಅವ್ರ ಮುಂದೆ ಇವನ ಹೇಳಿಕೆ ಆಗ್ಬೇಕು."

ಎಂಟು ಹಾಳೆ, ನೀಲಿ ಶಾಯಿ, ಬಲಕ್ಕೆ ವಾಲಿದ ಅಕ್ಷರ. ಆ ಗ್ಯಾಂಗನ್ನು ಹಿಡಿಯಲು ವಿಶೇಷ ತಂಡದ ಜೊತೆ ಬಂದಿದ್ದ ಇನ್ಸ್‌ಪೆಕ್ಟರರ ಕೈಬರಹ. ತಲೆಬರಹ: ಆರೋಪಿ ಮಾದೇಶನ ತಪ್ಪೊಪ್ಪಿಗೆ ಹೇಳಿಕೆ. ಕೆಳಗೆ, ಪೊಲೀಸ್ ಸಾಹೇಬರ ಮುಂದೆ ಒಪ್ಪಿಕೊಂಡದ್ದೇ ಸಾಕ್ಷ್ಯವಾಗುವ ಟಾಡಾ ಕಾಯ್ದೆಯ ಕಲಮು.

"ಹೇಳಿಕೆ ನಾಳೆ ಆಗಬೇಕು ಅಂತೀರಿ. ಹಾಗಾದ್ರೆ ಇದೇನು?"

"ಅದೇ ಕಣಮ್ಮಾ, ನಾಳೆ ಯೋಳೋದು." ಜವರಯ್ಯನಿಗೆ ನಗು ಬಂತು. "ಮೊದ್ಲೇ ರೆಡಿ ಇದ್ರೆ ಸಾಹೇಬ್ರಿಗೆ ಟೈಮ್ ಉಳೀತದೆ. ಹೆಬ್ಬೆಟ್ಟಿಗೆ ಜಾಗ ಬುಡಿ."

ಅವಳು ಕಾರ್ಬನ್ ಇಟ್ಟು ಹಾಳೆ ಸಿಕ್ಕಿಸಿದಳು. ಟೈಪಿನ ಸದ್ದಿಗೆ ತಾಯಿ ಏಳುವವಳಲ್ಲ, ಅದು ಅವಳಿಗೆ ರೂಢಿಯಾಗಿತ್ತು. ಮೊದಲ ಪುಟದಲ್ಲಿ ಪ್ರಶ್ನೋತ್ತರ. ತಪ್ಪೊಪ್ಪಿಕೊಳ್ಳಲೇಬೇಕೆಂಬ ನಿರ್ಬಂಧ ನಿನಗಿಲ್ಲ ಎಂಬುದು ತಿಳಿದಿದೆಯೇ? ತಿಳಿದಿದೆ. ಯಾರಾದರೂ ನಿನ್ನನ್ನು ಹೊಡೆದರೇ, ಹೆದರಿಸಿದರೇ? ಇಲ್ಲ. ಸ್ವಂತ ಮನಸ್ಸಿನಿಂದ ಹೇಳುತ್ತಿದ್ದೀಯಾ? ಹೌದು.

"ಇದನ್ನೆಲ್ಲ ಅವನನ್ನ ಕೇಳಿದಾರಾ ಜವರಯ್ಯನೋರೆ?"

"ನಿಂತ್ಕಳಾಕೇ ಆಯ್ತಿಲ್ಲ ಅವ್ನಿಗೆ. ಕೇಳಿದ್ರೆ ಏನಂದಾನು?" ಹೇಳಿದ ಮೇಲೆ ಜವರಯ್ಯ ಬಾಗಿಲ ಕಡೆ ನೋಡಿದ.

"ವಕೀಲರು?"

"ಜೀಪು ಉಡಾಯ್ಸಿದೋನಿಗೆ ಎಂಥ ವಕೀಲ್ರು ಬುಡಿ. ನಮ್ ಚೆಲ್ವನ್ನ ಯಾರಾರ ಕೇಳಿದ್ರಾ, ನಿಂಗೆ ವಕೀಲ್ರು ಬೇಕಾ ಅಂತ? ಆ ಮಗೀನ ಬೂಟು ಒಂದ್ಕಡೆ ಬಿದ್ದಿತ್ತು, ಕಾಲು ಒಂದ್ಕಡೆ ಬಿದ್ದಿತ್ತು. ಎತ್ತಿ ಜೋಡ್ಸಿದೋನು ನಾನು ಕಣಮ್ಮಾ."

ಸುಧಾ ಮುಂದಿನ ಸಾಲಿಗೆ ಬಂದಳು. ಬೆರಳುಗಳು ತಾವಾಗಿ ವೇಗ ಹಿಡಿದವು. ಸಾಲು ಮುಗಿದಾಗೆಲ್ಲ ಗಂಟೆ ಟಿಣ್ಣೆನ್ನುತ್ತಿತ್ತು, ಅವಳು ಎಡಗೈಯಿಂದ ಯಂತ್ರದ ಕ್ಯಾರೇಜನ್ನು ಹಿಂದಕ್ಕೆ ತಳ್ಳುತ್ತಿದ್ದಳು. ಕೋಟೆ ತಾಲ್ಲೂಕಿನ ಕಾಡಂಚಿನ ರಸ್ತೆ, ಮೋರಿಯ ಕೆಳಗೆ ನೆಲಬಾಂಬು, ಆಗಸ್ಟ್ ಇಪ್ಪತ್ತಾರರ ಸಂಜೆ, ಜೀಪಿನಲ್ಲಿದ್ದ ಮೂವರು. ಮೂವರಲ್ಲಿ ಎರಡನೆಯ ಹೆಸರು ಚೆಲುವರಾಜು. ಹೆಸರನ್ನು ಟೈಪು ಮಾಡುವಾಗ ಅವಳು ಪ್ರತಿ ಅಕ್ಷರವನ್ನೂ ಜೋರಾಗಿಯೇ ಹೊಡೆದಳು. ಈ ಮಾದೇಶನೆಂಬವನು ನೇಣಿಗೆ ಹೋಗಲಿ ಅನ್ನಿಸಿತು. ನಿಜವಾಗಿ ಅನ್ನಿಸಿತು.

ಐದನೆಯ ಹಾಳೆಯ ನಡುವೆ ಬೆರಳು ನಿಂತಿತು.

'ಆಗಸ್ಟ್ ಇಪ್ಪತ್ತನೇ ತಾರೀಖಿನಿಂದ ಆರು ದಿನಗಳ ಕಾಲ ಮೂವತ್ತು ಜಿಲೆಟಿನ್ ಕಡ್ಡಿಗಳನ್ನು ನನ್ನ ಜಮೀನಿನಲ್ಲಿರುವ ಹೊಗೆಸೊಪ್ಪಿನ ಬ್ಯಾರನ್ನಿನೊಳಗೆ, ಕಬ್ಬಿಣದ ಕೊಳವೆಗಳ ಮಧ್ಯೆ ಬಚ್ಚಿಟ್ಟಿದ್ದೆನು.'

ಅವಳು ಆ ಸಾಲನ್ನು ಎರಡು ಸಲ ಓದಿದಳು.

ಬ್ಯಾರನ್ ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಮನೆ; ಆಗಸ್ಟ್ ತಿಂಗಳಲ್ಲಿ ಈ ಸೀಮೆಯ ಯಾವ ಬ್ಯಾರನ್ನೂ ತಣ್ಣಗಿರುವುದಿಲ್ಲ. ಹೊಲದಿಂದ ಮುರಿದ ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟಿ ಒಳಗೆ ಸೂರಿನವರೆಗೆ ತೂಗುಹಾಕಿ, ಒಲೆಗೆ ಬೆಂಕಿ ಕೊಟ್ಟರೆ ಐದಾರು ದಿನ ಹಗಲೂ ರಾತ್ರಿ ಆರಿಸುವಂತಿಲ್ಲ. ಒಂದು ಸಲದ ಸೊಪ್ಪು ಬೇಯಿಸಿ ಇಳಿಸಿದರೆ ಇನ್ನೊಂದು ಸಲದ್ದು ಕಾದಿರುತ್ತದೆ. ಸುಧಾಳ ಮನೆಯ ಹಿಂದಿನ ಹೊಲದಲ್ಲೂ ಒಂದು ಬ್ಯಾರನ್ ಇತ್ತು. ಗೋಡೆಯ ಸಣ್ಣ ಗಾಜಿನ ಕಿಂಡಿಯಿಂದ ಬ್ಯಾಟರಿ ಬಿಟ್ಟು ಒಳಗಿನ ಥರ್ಮಾಮೀಟರ್ ನೋಡುವುದು ಚೆಲುವನ ಕೆಲಸ, ಚೀಟಿಯಲ್ಲಿ ಬರೆಯುವುದು ಅವಳ ಕೆಲಸ. ಕೊನೆಯ ದಿನ ಪಾದರಸ ನೂರಾ ಅರವತ್ತು ಡಿಗ್ರಿ ಫ್ಯಾರನ್‌ಹೀಟಿಗೆ ಏರುತ್ತಿತ್ತು. ಒಲೆಯ ಬಿಸಿಯನ್ನು ಒಳಗೆಲ್ಲ ಹರಿಸಿ ಕೆಂಡದಂತಾಗುವ ಆ ಕೊಳವೆಗಳ ಮೇಲೆ ಒಂದೇ ಒಂದು ಒಣಗಿದ ಎಲೆ ಕಳಚಿ ಬಿದ್ದು, ಚಿಕ್ಕಪ್ಪನ ಬ್ಯಾರನ್ ಒಮ್ಮೆ ಅರ್ಧ ಗಂಟೆಯಲ್ಲಿ ಬೂದಿಯಾಗಿತ್ತು. ಅಂಥಲ್ಲಿ ಮೂವತ್ತು ಜಿಲೆಟಿನ್ ಕಡ್ಡಿ, ಆರು ದಿನ. ಮಾದೇಶನ ಬ್ಯಾರನ್ನಿನ ಜೊತೆ ಅರ್ಧ ಹನಗೋಡೇ ಹಾರಿಹೋಗಬೇಕಿತ್ತು.

"ಯಾಕಮ್ಮಾ ನಿಂತ್ರಿ? ಅಕ್ಸರ ತಿಳೀಲಿಲ್ವಾ?"

"ಕೈ ನೋಯ್ತಿದೆ."

ಜವರಯ್ಯ ಎದ್ದು ಬಂದು ಅವಳ ಭುಜದ ಮೇಲಿಂದ ಹಾಳೆಯನ್ನು ಇಣುಕಿದ. "ಬ್ಯಾರನ್ನು ಅಂದ್ರೆ ಆ ಎತ್ತರದ ಮನೆ ತಾನೆ? ಮೊನ್ನೆ ನಾನೂ ಓಗಿದ್ದೆ ಅದ್ರೊಳಕ್ಕೆ. ಗೊಬ್ರದ ಮೂಟೆ, ಹುಲ್ಲು, ಮುರಿದ ನೇಗ್ಲು ಎಲ್ಲಾ ತುಂಬವ್ನೆ. ಒಳ್ಳೆ ತಣ್ಣಗೈತೆ. ಬಚ್ಚಿಡಾಕೆ ಹೇಳಿ ಮಾಡ್ಸಿದಂಗೈತೆ."

"ನಿಮ್ಮೂರಲ್ಲಿ ಇಲ್ವಾ?"

"ನಮ್ದು ಕೆ.ಆರ್. ನಗರ ಕಣಮ್ಮಾ. ಬತ್ತ ಬುಟ್ರೆ ಕಬ್ಬು, ಕಬ್ಬು ಬುಟ್ರೆ ಬತ್ತ. ಈ ಹೊಗೆಸೊಪ್ಪಿನ ಸಾವಾಸ ನಮಗೆಲ್ಲಿ?"

ಈಗ ಜನವರಿ. ಸೊಪ್ಪು ಮಾರಾಟವಾಗಿ ಬ್ಯಾರನ್ನುಗಳೆಲ್ಲ ಉಗ್ರಾಣಗಳಾಗಿರುವ ಕಾಲ. ಉತ್ತರದ ಜಿಲ್ಲೆಯಿಂದ ಬಂದ ಇನ್ಸ್‌ಪೆಕ್ಟರರು ಮೊನ್ನೆ ಕಂಡದ್ದನ್ನೇ ಆಗಸ್ಟಿಗೆ ಬರೆದಿದ್ದರು. ಒಂದೇ ಮಾತು ತಿದ್ದಿದರೆ ಸಾಕಿತ್ತು. ಬ್ಯಾರನ್ ಎಂಬಲ್ಲಿ ಕೊಟ್ಟಿಗೆ ಎಂದಿದ್ದರೆ ಕಾಗದ ಗಟ್ಟಿಯಾಗುತ್ತಿತ್ತು. ಅವಳ ಬೆರಳಿಗೆ ಆ ಅಭ್ಯಾಸವೂ ಇತ್ತು.

ಎರಡು ವರ್ಷದ ಹಿಂದೆ ಒಂದು ಕಳವಿನ ಕಾಗದ ಹೀಗೆಯೇ ಬಂದಿತ್ತು. ಬಸವರಾಜು ಎಂಬವನು ಕದ್ದ ಪಂಪ್‌ಸೆಟ್ಟನ್ನು ಸಂತೆಯಲ್ಲಿ ಮಾರಿದನೆಂದು ಬರೆದಿದ್ದ ದಿನ ಸಂತೆಯೇ ಸೇರುವುದಿಲ್ಲ. ಬರೆದವರ ಕೈತಪ್ಪು ಎಂದುಕೊಂಡು ಸುಧಾ ವಾರ ತಿದ್ದಿದ್ದಳು. ಬಸವರಾಜುವಿಗೆ ಎರಡು ವರ್ಷ ಶಿಕ್ಷೆಯಾಯಿತು. ಅವನ ವಕೀಲ ನೀಲಕಂಠಸ್ವಾಮಿ ಮತ್ತೆ ಯಾವುದೋ ಕರಾರು ಟೈಪು ಮಾಡಿಸಲು ಬಂದವರು ಇದೇ ಕುರ್ಚಿಯಲ್ಲಿ ಕೂತು ಹೇಳಿದ್ದರು: "ಕೈಬರಹದ ಕಾಗದದಲ್ಲಿ ಸಂತೆಯಿಲ್ಲದ ವಾರ ಇತ್ತಂತೆ ಕಣಮ್ಮಾ. ಹಂಗೇ ಬಂದಿದ್ರೆ ಒಂದೇ ಮಾತಲ್ಲಿ ಬಿಡಿಸ್ತಿದ್ದೆ. ಯಾರೋ ಪುಣ್ಯಾತ್ಮರು ಪೊಲೀಸಿನೋರಿಗೆ ಪಾಠ ತಿದ್ದಿಕೊಟ್ಟವ್ರೆ." ಆ ಪುಣ್ಯಾತ್ಮರು ಯಾರೆಂದು ಅವರಿಗೆ ಗೊತ್ತಿರಲಿಲ್ಲ. ಸುಧಾ ಅಂದು ಅವರಿಗೆ ಕಾಫಿ ತರಲು ಒಳಗೆ ಹೋದವಳು ಬಹಳ ಹೊತ್ತು ಈಚೆ ಬಂದಿರಲಿಲ್ಲ.

ಮಾದೇಶನೇ ಮಾಡಿರಬಹುದು. ಮಾಡಿರದೆಯೂ ಇರಬಹುದು. ಅದನ್ನು ಕಂಡುಹಿಡಿಯುವುದು ಈ ಎಂಟು ಹಾಳೆಗಳಿಗೆ ಬೇಕಾಗಿರಲಿಲ್ಲ. ತಮ್ಮನ ಹೆಸರು ಇನ್ನು ಮುಂದೆ ಇದೇ ಕಾಗದದೊಳಗೆ, ಕೇಳದ ಪ್ರಶ್ನೆಗೆ ಹೇಳದ ಉತ್ತರಗಳ ನಡುವೆ ಉಳಿಯುತ್ತದೆ ಎಂದು ನೆನೆದಾಗ ಸುಧಾಳ ಕಿವಿ ಬಿಸಿಯಾಯಿತು. ಅವಳು ಕುರ್ಚಿ ಎಳೆದುಕೊಂಡಳು. 'ಸ್ಪೋಟಕ' ಎಂದಿದ್ದಲ್ಲೆಲ್ಲ 'ಸ್ಫೋಟಕ' ಎಂದು ಮಾಡಿದಳು. ಆಗಸ್ಟ್ ಇಪ್ಪತ್ತು, ಆರು ದಿನ, ಬ್ಯಾರನ್, ಕಬ್ಬಿಣದ ಕೊಳವೆ, ಇವನ್ನು ಇದ್ದದ್ದು ಇದ್ದಂತೆ, ಒಂದೊಂದೇ ಅಕ್ಷರವಾಗಿ ಹೊಡೆದಳು.

ಬೆಳಿಗ್ಗೆ ಏಳಕ್ಕೆ ಇನ್ಸ್‌ಪೆಕ್ಟರರೇ ಜೀಪಿನಲ್ಲಿ ಬಂದರು. ನಿಂತುಕೊಂಡೇ ಹಾಳೆಗಳನ್ನು ತಿರುವಿದರು.

"ಎಲ್ಲಾ ಬರೋಬ್ಬರಿ ಅದ ಏನ್ರಿ? ನೀವು ತಪ್ಪಿದ್ರ ತಿದ್ದತೀರಿ ಅಂತ ಜವರಯ್ಯ ಹೇಳ್ಯಾನ."

"ಹನ್ನೊಂದು ಕಡೆ ಅಕ್ಷರ ತಪ್ಪಿತ್ತು ಸಾರ್. ಸರಿ ಮಾಡಿದ್ದೀನಿ."

"ಈ ಬ್ಯಾರನ್ ಅನ್ನೋ ಶಬ್ದ? ಕನ್ನಡದಾಗ ಹಿಂಗೇ ಬರೀತೀರೋ?"

 ಸುಧಾ ಅಂಗೈಯನ್ನು ಸೆರಗಿಗೆ ಒತ್ತಿಕೊಂಡಳು. "ಹೀಗೇ ಸಾರ್. ಸರಿಯಾಗಿದೆ."

"ನಿಮ್ಮ ತಮ್ಮನ ಸಲುವಾಗಿ ರಾತ್ರಿ ಹಗಲು ದುಡಿಯಾಕತ್ತೀವಿ ನಾವು."

"ನನ್ನ ತಮ್ಮನ ಸಲುವಾಗಿ ಆಗಿದ್ರೆ, ಆ ಮಾದೇಶನನ್ನ ಕೇಳಿ ಬರೀಬೇಕಿತ್ತು ಸಾರ್."

ಮಾತು ಬಾಯಿಂದ ಬಂದ ಮೇಲೆ ಅವಳಿಗೇ ಅಚ್ಚರಿಯಾಯಿತು. ಇನ್ಸ್‌ಪೆಕ್ಟರರು ಹಾಳೆಯಿಂದ ತಲೆಯೆತ್ತಿದರು.

"ಕಾಯ್ದೆ ಓದೀರೇನು?"

"ಇಲ್ಲ. ರಾತ್ರಿ ಟೈಪ್ ಮಾಡಿದ್ದನ್ನ ಓದಿದೆ. ತನ್ನನ್ನ ಯಾರೂ ಹೊಡೆದಿಲ್ಲ ಅಂತ ಅವನು ಇವತ್ತು ಹೇಳ್ತಾನಂತಲ್ಲ."

"ನೋಡ್ರಿ ಅಕ್ಕಾರ. ಇಂಥವ್ರಿಗೆ ವಕೀಲ್ರು, ಕಾನೂನಿನ ಮರ್ಯಾದಿ ಅಂತ ಕೊಡಕೋತ ಕುಂತ್ರ ನಾಳೆ ಇನ್ನೊಂದು ಜೀಪು ಹಾರತದ. ಅದರಾಗ ಇನ್ನೊಬ್ಬಾಕಿ ತಮ್ಮ ಇರ್ತಾನ."

"ಇರಬಹುದು ಸಾರ್. ನಿಜವಾಗಿ ಬಾಂಬ್ ಇಟ್ಟವನು ಹೊರಗೇ ಉಳಿದ್ರೂ ಇನ್ನೊಂದು ಜೀಪು ಹಾರುತ್ತೆ."

ಅವರು ಹಾಳೆಗಳನ್ನು ಫೈಲಿಗೆ ಸೇರಿಸಿದರು. ಆಮೇಲೆ ಕೈ ಚಾಚಿದರು. "ಆ ಕಾರ್ಬನ್ನೂ ಕೊಡ್ರಿ. ಒಂದೂ ಇಟ್ಟುಕೋಬ್ಯಾಡ್ರಿ." ಅವಳು ಬಳಸಿದ ಕಾರ್ಬನ್ ಹಾಳೆಗಳನ್ನೆಲ್ಲ ಎಣಿಸಿ ಕೊಟ್ಟಳು. ಬಲು ಜಾಗ್ರತೆಯ ಮನುಷ್ಯ. ಜೀಪು ತಿರುವು ದಾಟುವವರೆಗೂ ಅವಳು ಬಾಗಿಲಲ್ಲೇ ನಿಂತಿದ್ದಳು.

ಐದು ದಿನ ಕಳೆದು, ಮಧ್ಯಾಹ್ನ, ಹಳೆಯ ಹಸಿರು ಸೀರೆಯ ಹೆಂಗಸೊಬ್ಬಳು ಬಂದು ಹೊಸ್ತಿಲ ಆಚೆಯೇ ನಿಂತಳು.

"ಮಾದೇಶನ ಎಂಡ್ರು ಕಣವ್ವಾ ನಾನು, ಸಣ್ಣಮ್ಮ ಅಂತ. ನೀವ್ಯಾರು ಅಂತ ಗೊತ್ತು. ಇನ್ನೆರಡು ಟೈಪಿನ ಅಂಗ್ಡೀಲಿ ಆಗಲ್ಲ ಅಂದ್ರು. ನೀವೂ ಅಂದ್ಬುಡಿ, ಬಸ್ಸಿಗೆ ಒತ್ತಾಯ್ತದೆ."

ಒಳಕೋಣೆಯಲ್ಲಿ ಚಾಮುಂಡಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಸುಧಾ ಎದ್ದು ನಡುವಿನ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡಳು. "ಒಳಗೆ ಬನ್ನಿ. ಕೂತ್ಕೊಳಿ."

ಸಣ್ಣಮ್ಮ ಕೂರಲಿಲ್ಲ. ಗಂಡನನ್ನು ಒಂದು ಸಲ ನೋಡಲು ಬಿಡಬೇಕು, ಅಷ್ಟೇ ಅವಳ ಬೇಡಿಕೆ. ಸುಧಾ ಅದನ್ನು ಟೈಪು ಮಾಡಿ, ಕೇಳದೆಯೇ ಇನ್ನೆರಡು ಸಾಲು ಸೇರಿಸಿದಳು: ಆರೋಪಿಯು ತನ್ನ ವಕೀಲರನ್ನು ಕಾಣಲು ಅವಕಾಶ ಕೊಡಬೇಕು, ಆತನು ನೀಡಿದನೆನ್ನಲಾದ ಹೇಳಿಕೆಯ ಪ್ರತಿಯನ್ನು ಕೊಡಿಸಬೇಕು. ಆಮೇಲೆ ಓದಿ ಹೇಳಿದಳು.

"ಪ್ರತಿ ಅಂದ್ರೇನವ್ವಾ?"

"ನಿಮ್ಮ ಯಜಮಾನರು ಹೇಳಿದ್ದು ಅಂತ ಬರ್ಕೊಂಡಿರೋ ಕಾಗದದ ನಕಲು. ಅದನ್ನ ಕೇಳೋದು ನಿಮ್ಮ ಹಕ್ಕು. ಇವತ್ತು ಇಲ್ಲ ಅಂದ್ರೆ ನಾಳೆ ಕೇಳಿ, ಬಿಡಬೇಡಿ. ಸಿಕ್ಕಿದ ದಿನ ವಕೀಲರ ಕೈಗೆ ಕೊಡಿ."

"ಯಾವ ವಕೀಲ್ರೂ ಮೊಕ ತೋರ್ಸಲ್ಲ ಅಂತವ್ರೆ."

"ನೀಲಕಂಠಸ್ವಾಮಿಯವರ ಹತ್ರ ಹೋಗಿ. ಆಫೀಸಿಗೆ ಬೇಡ. ಭಾನುವಾರ ಕಂಪಲಾಪುರದ ಮನೆಗೇ ಹೋಗಿ. ಅವರಿಗೆ ಮೂರು ಬ್ಯಾರನ್ ಇವೆ."

"ಅವ್ರ ಬ್ಯಾರನ್ನು ಕಟ್ಕೊಂಡು ನಂಗೇನಾಗ್ಬೇಕವ್ವಾ?" ಸಣ್ಣಮ್ಮ ರೇಗಿದಳು. "ನಮ್ಮ ಬ್ಯಾರನ್ನಿಗೇ ಬೀಗ ಜಡ್ದವ್ರೆ."

"ಹೋಗಿ ಅಷ್ಟೆ. ಒಪ್ಪಲ್ಲ ಅಂದ್ರೆ, ಕಾಗದ ಬಂದಾಗ ಒಂದ್ಸಲ ಪೂರ್ತಿ ಓದಿ, ಆಮೇಲೆ ಒಲ್ಲೆ ಅನ್ನಿ ಅಂತ ಹೇಳಿ. ನನ್ನ ಹೆಸರು ಎತ್ತಬೇಡಿ."

ಸಣ್ಣಮ್ಮ ಅವಳನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಅರ್ಜಿಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡು ಹೋದಳು.

ನಡುವಿನ ಬಾಗಿಲು ತೆರೆದಾಗ ಚಾಮುಂಡಮ್ಮ ತಲೆಯೆತ್ತಲಿಲ್ಲ. "ಯಾರವ್ವಾ ಬಂದಿದ್ದು?"

"ಒಂದು ಅರ್ಜಿ."

"ಆವತ್ತು ರಾತ್ರಿ ಜವರಯ್ಯ ಬಂದಿದ್ನಂತೆ. ಪಕ್ಕದ ಮನೆಯೋಳು ಅಂದ್ಲು. ಚೆಲ್ವನ ವಿಸ್ಯವಾ?"

"ಏನೋ ಟೈಪು ಕಣವ್ವ."

ತಾಯಿಯ ಕೈ ಕಾಯಿಯ ಮೇಲೆ ಕ್ಷಣ ನಿಂತು ಮತ್ತೆ ಸುಲಿಯತೊಡಗಿತು. "ಬ್ಯಾರನ್ನಿನ ಒಲೇಲಿ ಕೋಳಿ ಮೊಟ್ಟೆ ಇಕ್ಕೈತೆ ನೋಡು. ಕತ್ಲಾಗೋಕೆ ಮುಂಚೆ ತಕ್ಕೊಂಡ್ಬಾ."

ಒಲೆಯ ಬಾಯಿಯಲ್ಲಿ ಹುಲ್ಲಿನ ಮೇಲೆ ಎರಡು ಮೊಟ್ಟೆ ಬೆಚ್ಚಗಿದ್ದವು. ಸುಧಾ ಅವನ್ನು ಮಡಿಲಿಗೆ ಹಾಕಿಕೊಂಡು ಬಗ್ಗಿ ಬ್ಯಾರನ್ನಿನೊಳಗೆ ಹೋದಳು. ಗೋಡೆಯ ಕಿಂಡಿಯ ಗಾಜಿಗೆ ಧೂಳು ಕೂತಿತ್ತು. ಅದರ ಕೆಳಗೆ ಸೀಮೆಸುಣ್ಣದಲ್ಲಿ ಚೆಲುವ ಯಾವತ್ತೋ ಬರೆದ ಅಂಕಿಗಳು, ತೊಂಬತ್ತೈದು, ನೂರಾ ಹತ್ತು, ನೂರಾ ನಲವತ್ತು. ಅವಳು ಕೊಳವೆಯ ಮೇಲೆ ಅಂಗೈಯಿಟ್ಟಳು. ತಾಯಿಗೆ ಹೇಳುವುದಿಲ್ಲ. ಕೇಸು ಗೆದ್ದರೂ ಸೋತರೂ ನೀಲಕಂಠಸ್ವಾಮಿಯವರಿಗೆ ಹೇಳುವುದಿಲ್ಲ. ಯಾರಿಗೂ ಇಲ್ಲ. ಕಬ್ಬಿಣ ಬಾವಿಯ ನೀರಿನಷ್ಟು ತಣ್ಣಗಿತ್ತು.

ಈಚೆ ಬಂದಾಗ ಚಾಮುಂಡಮ್ಮ ಹಿತ್ತಿಲ ಬಾಗಿಲಲ್ಲಿ ಕಾಯುತ್ತಿದ್ದಳು. ಮೊಟ್ಟೆಗಳನ್ನು ತೆಗೆದುಕೊಂಡು ಮಗಳ ಕೈ ನೋಡಿದಳು.

"ಏನವ್ವಾ ಅದು ಕೈಯೆಲ್ಲ?"

"ಮಸಿ," ಎಂದು ಸುಧಾ ತೊಟ್ಟಿಯ ನೀರಿಗೆ ಕೈ ಅದ್ದಿದಳು.