ಗುಡ್ಡದ ಬಿರುಕು, ಒಳಗಿನ ಹೊಟ್ಟೆಕಿಚ್ಚು

ಸಂಶೋಧನಾ ಕೇಂದ್ರದ ಬಾಗಿಲಲ್ಲೇ ಜೊತೆಗಾರನ ಆಳೆತ್ತರದ ಫೋಟೊ. ವರ್ಷದ ಯುವ ಸಂಶೋಧಕನಂತೆ! ಅದೇ ಕೇಂದ್ರದ ಸಂಶೋಧಕಿ ಅವಳು; ಅದನ್ನು ನೋಡಿದಾಗಿನಿಂದ ಹಿಂಬಾಗಿಲಿನಿಂದಲೇ ಓಡಾಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಕೆಲಸಕ್ಕೆ ಸೇರಿದವರು. ಒಂದೇ ಗುಡ್ಡ. ಅದು ಯಾವಾಗ ಕುಸಿಯಬಹುದು ಅಂತ ತಿಳಿಯಲು ಅವನು ಮಣ್ಣಿನೊಳಗಿನ ನೀರು ಅಳೆಯುತ್ತಿದ್ದ, ಅವಳು ನೆಲದ ಬಿರುಕು.

ಆ ವಾರ ಬಿರುಕು ಬಾಯಿ ಬಿಟ್ಟಿತ್ತು. ಅವನು ಫೋನ್ ಮಾಡಿ ಅಳತೆ ಕೇಳಿದ.

"ಇನ್ನೂ ಸಿದ್ಧವಿಲ್ಲ" ಅಂದು ಇಟ್ಟುಬಿಟ್ಟಳು.

ಪಕ್ಕದಲ್ಲಿ ಬಟ್ಟೆ ಮಡಚುತ್ತಿದ್ದ ದೊಡ್ಡಮ್ಮ ತಲೆಯೆತ್ತಿದರು. ಭೂಕಂಪ, ನೆರೆ, ಕುಸಿತ ಅಂತ ಆಯುಷ್ಯವೆಲ್ಲ ಸಂಶೋಧನೆ ಮಾಡಿ ನಿವೃತ್ತರಾದವರು.

"ಸಿದ್ಧ ಇದೆಯಲ್ಲೇ?"

"ಇದೆ. ಕೊಟ್ಟರೆ ಇನ್ನೊಂದು ಫೋಟೊ ಹಾಕಿಸ್ಕೋತಾನೆ. ಬೆವರು ನನ್ನದು, ಚಪ್ಪಾಳೆ ಅವನಿಗೆ!"

"ಹೊಟ್ಟೆ ಉರೀತಿದೆಯಾ?"

"ಧಗಧಗ ಅಂತ."

"ಉರೀಲಿ ಬಿಡು. ಓದಿದವರಿಗೂ ಹೊಟ್ಟೆ ಇರುತ್ತೆ. ನನ್ನ ಅಳತೆ ಇರೋ ಕಡೆ ನನ್ನ ಹೆಸರೂ ಇರಲಿ ಅಂತ ಬಾಯಿಬಿಟ್ಟು ಕೇಳು, ಅದು ನಿನ್ನ ಹಕ್ಕು. ಬಚ್ಚಿಡೋದು ಮಾತ್ರ ಬೇಡ. ಗುಡ್ಡದ ಕೆಳಗೆ ಯಾರಿದ್ದಾರೆ?"

"ಬಡಗಿಗಳ ಓಣಿ."

"ಅವರಿಗೆ ಹೇಳಿದ್ದೀಯಾ?"

"ಖಚಿತವಾಗದೆ ಏನು ಹೇಳಲಿ ದೊಡ್ಡಮ್ಮ? ನಗ್ತಾರೆ."

"ಗೊತ್ತಿರೋದು ಹೇಳು. ಗೊತ್ತಿಲ್ಲದ್ದು ಗೊತ್ತಿಲ್ಲ ಅನ್ನು. ನಕ್ಕರೆ ನಗಲಿ. ಪ್ರಬಂಧ ಆಮೇಲೂ ಬರೀಬಹುದು. ಜನ ಹೋದರೆ ಮತ್ತೆ ಬರ್ತಾರಾ?"

ಅವಳು ಹಲ್ಲು ಕಚ್ಚಿಕೊಂಡೇ ಫೋನ್ ಎತ್ತಿದಳು.

"ಕಳಿಸ್ತಿದ್ದೀನಿ. ನನ್ನ ಹೆಸರು ಇರಲೇಬೇಕು."

"ಇಲ್ಲದೆ? ಬೇಗ ಕಳಿಸು, ನೀರು ಏರ್ತಾ ಇದೆ" ಅಂದ ಅವನು.

ಎರಡೂ ಅಳತೆ ಪಕ್ಕಪಕ್ಕ ಇಟ್ಟು ನೋಡಿದಾಗ ಗುಡ್ಡ ಒಂದೆರಡು ದಿನದಲ್ಲೇ ಜಾರಬಹುದು ಅಂತ ಇಬ್ಬರಿಗೂ ಅನಿಸಿತು. ಅಧಿಕಾರಿಗಳಿಗೆ ತಿಳಿಸಿ, ತಾವೇ ಓಣಿಗೆ ಓಡಿದರು. ಕೆಲವರು ಗೊಣಗಿದರು, ಒಬ್ಬ ಮುದುಕ ಬೈದೇಬಿಟ್ಟ. ಆದರೂ ಸಂಜೆಯೊಳಗೆ ಓಣಿ ಖಾಲಿಯಾಯಿತು. ಮರುದಿನ ಗುಡ್ಡ ಜಾರಿತು. ಮನೆಗಳು ಮಣ್ಣಾದವು, ಒಂದು ಜೀವವೂ ಹೋಗಲಿಲ್ಲ.

ಪತ್ರಿಕೆಯವರು ಮತ್ತೆ ಅವನನ್ನೇ ಮುತ್ತಿಕೊಂಡರು. ಅವಳಿಗೆ ಮತ್ತೆ ಚುರುಕ್ಕೆಂದಿತು. ಅವನು "ಬಿರುಕು ಕಂಡವಳು ಇವಳು" ಅಂತ ಕೈಹಿಡಿದು ಮುಂದೆ ತಂದಾಗಲೂ ಅದು ಪೂರ್ತಿ ಆರಲಿಲ್ಲ. ಅಷ್ಟರಲ್ಲಿ ಬೈದಿದ್ದ ಮುದುಕ ಮೊಮ್ಮಗುವನ್ನು ಅವಳ ತೋಳಿಗೆ ಕೊಟ್ಟು, "ಸ್ವಲ್ಪ ಹಿಡ್ಕೊಳ್ಳಮ್ಮಾ, ಇದಕ್ಕೆ ಹಾಲು ತರ್ತೀನಿ" ಅಂದ.

ಸಂಶೋಧನೆಗೆ ಕಾಲಿಡುತ್ತಿರುವ ತಂಗಿಯರೇ, ತಮ್ಮಂದಿರೇ, ಜೊತೆಗಾರರ ಮೇಲೆ ಹೊಟ್ಟೆಕಿಚ್ಚು ಬಂದರೆ ಬರಲಿ. ನಿಮ್ಮ ಪಾಲಿನ ಹೆಸರನ್ನು ಧೈರ್ಯವಾಗಿ ಕೇಳಿ. ಆದರೆ ಕಂಡ ಅಪಾಯವನ್ನು ಯಾರಿಂದಲೂ ಮುಚ್ಚಿಡಬೇಡಿ. ಇವತ್ತೇ ಹಂಚಿಕೊಳ್ಳಿ.