ಬರ್ರಿ ಮಾವಾರ

ಅತ್ತೆ ಸತ್ತ ಸುದ್ದಿ ಕೇಳಿದಾಗ ಕೆಂಚವ್ವನಿಗೆ ಮೊದಲು ಬಂದದ್ದು ಅಳುವಲ್ಲ, ಮಲ್ಲೇಶನ ಹೆಸರು ಹಿಡಿದು ಬೈಗಳು. ಅಳು ಆಮೇಲೆ ಬಂತು. ಬಂದರೂ ಸಿಟ್ಟನ್ನು ಕರೆದುಕೊಂಡು ಹೋಗಲಿಲ್ಲ. ಹೋಗಬೇಕಾಗಿಯೂ ಇರಲಿಲ್ಲ ಬಿಡಿ. ಅವನು ಮಾಡಿದ್ದು ಅಂಥದ್ದು.

ಮಲ್ಲೇಶ ಅವಳ ತೀರಿಹೋದ ಗಂಡನ ಅಣ್ಣ. ಅನಂತಪುರದ ಹೊರಗೆ, ಹಳ್ಳದ ದಂಡೆಗೆ, ಇಬ್ಬರ ತೋಟಗಳೂ ಅಕ್ಕಪಕ್ಕ. ಅವನದು ದ್ರಾಕ್ಷಿ, ಇವಳದು ಕಬ್ಬು. ಅತ್ತೆ ತಾರವ್ವ ಮಾತ್ರ ಹಿರಿಮಗನ ಹೊಸ ಮನೆ ಬಿಟ್ಟು ಸೊಸೆಯ ತಗಡಿನ ಮನೆಯಲ್ಲಿದ್ದಳು.

ಹೋದ ಬೇಸಿಗೆಯಲ್ಲಿ ಮಲ್ಲೇಶನ ಶೆಡ್ಡಿನಲ್ಲಿ ಒಣಹಾಕಿದ ದ್ರಾಕ್ಷಿಗೆ ಕಾಗೆಗಳು ಬಾಯಿ ಹಾಕಿದವು. ಬಲೆ ಕಟ್ಟುವುದು ಬಿಟ್ಟು ಆ ಪುಣ್ಯಾತ್ಮ ಚುರುಮುರಿಗೆ ವಿಷ ಕಲಸಿ ಬದುವಿನುದ್ದಕ್ಕೂ ಚೆಲ್ಲಿದ. ಹಳ್ಳದ ಮರಗಳೆಲ್ಲ ಸದ್ದಡಗಿದವು. ಬೇವಿನ ಮರದ ಒಂದು ಗೂಡಿನಿಂದ ಮಾತ್ರ ಕೀರಲು ದನಿ ಬರುತ್ತಲೇ ಇತ್ತು. ಕೆಂಚವ್ವ ಸೀರೆ ಎತ್ತಿಕಟ್ಟಿ ಮರ ಹತ್ತಿದಳು. ಮರಿಯನ್ನು ಉಡಿಯಲ್ಲಿಟ್ಟುಕೊಂಡು ಇಳಿದಳು. ಮೈಮೇಲೆ ಪುಕ್ಕವೇ ಇಲ್ಲ, ಮೈಗಿಂತ ಬಾಯಿ ದೊಡ್ಡದು.

ತಾರವ್ವ ಆ ಬಾಯಿ ನೋಡಿ ನಕ್ಕುಬಿಟ್ಟಳು. "ಅಯ್ಯ, ಇವ್ರೇ ಬಂದಾರ ನೋಡ!"

ಇವ್ರು ಎಂದರೆ ಅವಳ ಗಂಡ ಲಗಮಣ್ಣ. ತಟ್ಟೆ ಇಡುವ ಮೊದಲೇ ಬಾಯಿ ತೆರೆಯುತ್ತಿದ್ದ ಮನುಷ್ಯ. ಅವನು ಹೋಗಿ ಎಷ್ಟೋ ವರ್ಷವಾಗಿದ್ದರೂ ಮುದುಕಿ ಗಂಡನ ಹೆಸರು ಹೇಳುತ್ತಿರಲಿಲ್ಲ. ಹೀಗಾಗಿ ಕಾಗೆಮರಿಯೂ ಅವಳಿಗೆ 'ಇವ್ರು' ಆಯಿತು, ಸೊಸೆಗೆ 'ಮಾವಾರು'. ಹಾಲಿನಲ್ಲಿ ನೆನೆಸಿದ ರೊಟ್ಟಿ, ಕುದಿಸಿದ ತತ್ತಿಯ ಹಳದಿ, ಬೆರಳ ತುದಿಯಿಂದ ಗಂಟಲಿಗಿಟ್ಟು ಮುದುಕಿ ಗದರುತ್ತಿದ್ದಳು. "ಸಾವಕಾಶ ಉಣ್ರಿ. ಯಾರೂ ಕಸಗೊಳ್ಳಾಂಗಿಲ್ಲ."

ಮರಿ ಬಲಿತು ಹಾರಿತು. ಹಾರಿದರೂ ಎಲ್ಲಿಗೂ ಹೋಗಲಿಲ್ಲ. ಹಗಲೆಲ್ಲ ಕೆಂಚವ್ವನ ಹೆಗಲು, ರಾತ್ರಿ ಅಡುಗೆಮನೆಯ ತೊಲೆ. "ಬರ್ರಿ ಮಾವಾರ" ಎಂದು ಕೂಗಿದರೆ ಕಬ್ಬಿನ ಆ ತುದಿಯಿಂದಲೂ ಬಂದಿಳಿಯುತ್ತಿತ್ತು. ಅಂಜಿಕೆ ಎಂಬುದು ಅದಕ್ಕೆ ಗೊತ್ತೇ ಇರಲಿಲ್ಲ. ಒಮ್ಮೆ ಮಲ್ಲೇಶನ ಕೈಯಿಂದಲೇ ಭಜಿ ಕಸಿದುಕೊಂಡಿತು. ಅವನು ಎಲ್ಲರೆದುರು ಕಲ್ಲು ಬೀಸಿದ. ಮರುದಿನವೇ ಅದು ಅವನ ಬೈಕಿನ ಸೀಟಿನ ಮೇಲೆ ಕುಳಿತು ಹೊಲಸು ಮಾಡಿ ಬಂತು. ಅದನ್ನು ಕಂಡವರು ಅತ್ತೆ ಸೊಸೆ ಇಬ್ಬರೇ. ಹೊಟ್ಟೆ ಹಿಡಿದುಕೊಂಡು ನಕ್ಕರು.

ದೀಪಾವಳಿ ಮುಗಿದ ಮೇಲೆ ತಾರವ್ವ ಜ್ವರ ಬಂದು ಮಲಗಿದಳು. ಮಲ್ಲೇಶ ಕಾರು ತಂದು, ಸುತ್ತಲಿನ ತೋಟದ ಜನರನ್ನೆಲ್ಲ ಕೂಡಿಸಿ ಕೂಗಾಡಿದ.

"ಕಾಗಿ ಸಾಕಿದ ಮನ್ಯಾಗ ಮನಶ್ಯಾರು ಉಳೀತಾರೇನ? ಈಕಿ ಅನಿಷ್ಟ ತಂದಿಟ್ಕೊಂಡು ನಮ್ಮವ್ವನ್ನ ತಿನ್ನಾಕತ್ತಾಳ!"

ಮುದುಕಿ ಬೇಡ ಬೇಡ ಎಂದರೂ ಹೊತ್ತುಕೊಂಡು ಹೋದ. ಮರುದಿನ ಕೆಂಚವ್ವ ಗಂಜಿ ಒಯ್ದಳು. ಗೇಟು ಹಾಕಿತ್ತು. ಒಳಗೆ ಕಟ್ಟೆಯ ಮೇಲೆ ಮಲ್ಲೇಶ ಮತ್ತು ಮನೆತನದ ಹಿರಿಯ ಕಾಡಸಿದ್ದ ಚಹಾ ಕುಡಿಯುತ್ತಿದ್ದರು.

"ಅತ್ತಿ ಹೆಂಗ ಅದಾಳ್ರಿ?" ಎಂದು ಕೂಗಿದಳು. ಯಾರೂ ತಲೆ ಎತ್ತಲಿಲ್ಲ. ಮತ್ತೆ ಕೂಗಿದಳು. ಚಹಾ ಸೊರ್ ಎಂದಿತೇ ಹೊರತು ಮಾತು ಬರಲಿಲ್ಲ. ದಿನಾ ಹೋದಳು, ದಿನಾ ಅದೇ. ಕೊನೆಗೆ ಮುದುಕಿ ತೀರಿಕೊಂಡಾಗಲೂ ಗೇಟು ತೆರೆಯಲಿಲ್ಲ. ಮಗುವಿನಂತೆ ನೋಡಿಕೊಂಡವಳಿಗೆ ಮುಖದ ದರ್ಶನವೂ ಸಿಗಲಿಲ್ಲ. ರಸ್ತೆಯಲ್ಲಿ ನಿಂತು ಚಟ್ಟ ಹೋಗುವುದನ್ನು ನೋಡಿ, ಹಲ್ಲು ಕಚ್ಚಿಕೊಂಡು ಮನೆಗೆ ಬಂದಳು.

ಮೂರನೆಯ ದಿನ ಹಳ್ಳದ ದಂಡೆಯಲ್ಲಿ ಬೂದಿ ತುಂಬಿ, ಸುಟ್ಟ ಜಾಗದಲ್ಲಿ ಎಡೆ ಇಟ್ಟರು. ಕಾಗೆ ಮುಟ್ಟಿದರೆ ಹೋದ ಜೀವಕ್ಕೆ ಸಮಾಧಾನ. ಮುಟ್ಟದಿದ್ದರೆ ಏನೋ ಉಳಿದುಹೋಗಿದೆ ಎಂದರ್ಥ. ಜನ ದೂರ ಸರಿದು ಕಾದರು. ಕಾಗೆ ಎಲ್ಲಿಂದ ಬರಬೇಕು? ಕೊಂದವನೇ ಕೈಮುಗಿದುಕೊಂಡು ಆಕಾಶ ನೋಡುತ್ತಿದ್ದ.

"ಯವ್ವಾ, ನಿನ್ನ ಮೊಮ್ಮಗಳ ಲಗ್ನಾ ಜೋರ ಮಾಡ್ತೀನಬೇ," ಎಂದು ಮಲ್ಲೇಶ ಮಾತು ಕೊಟ್ಟ. ಚಿಂಚಲಿ ಮಾಯಕ್ಕನಿಗೆ ಸೀರೆ ಉಡಿಸುವುದಾಗಿ ಹೇಳಿದ. ಬಿಸಿಲು ಏರಿತು. ಎಡೆಗೆ ಇರುವೆ ಹತ್ತಿದವು. ಮುದುಕಿಗೆ ಮಗನ ಮೇಲೇ ಸಿಟ್ಟಿದೆ ಎಂದು ಜನ ಗುಸುಗುಸು ಶುರು ಮಾಡಿದರು. ಮಲ್ಲೇಶನ ಮುಖ ಸಣ್ಣದಾಯಿತು.

ಕೊನೆಗೆ ಕಾಡಸಿದ್ದ ಕಬ್ಬಿನ ಬದು ದಾಟಿ ಕೆಂಚವ್ವನ ಅಂಗಳಕ್ಕೆ ಬಂದ. "ಯವ್ವಾ, ನಿನ್ನ ಕಾಗಿ ಕರಕೊಂಡ ಬಾರವಾ. ಮರ್ಯಾದಿ ಹೊಂಟೇತಿ."

ಕೆಂಚವ್ವ ಮುಂಜಾನೆಯಿಂದ ಈ ಮಾತಿಗಾಗಿಯೇ ಕಾಯುತ್ತಿದ್ದಳು. ಕಾಗೆಯನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದಳು. ಜನ ದಾರಿ ಬಿಟ್ಟರು.

"ಭಾವಾರು ಹಿಂದ ಸರೀಲ್ರಿ," ಎಂದಳು. "ಅವರು ಕಲ್ಲ ಒಗದಾರ, ಇದು ಅಂಜತೈತಿ. ಅವರ ಮಾರಿ ಕಾಣೂತನಾ ಮುಟ್ಟಾಂಗಿಲ್ಲ."

"ಹಿರೇಮಗಾ ನಾ! ನಾ ಇಲ್ದ ಹೆಂಗ?" ಎಂದ ಮಲ್ಲೇಶ.

"ಹಂಗಾರ ನೀವ ಕರೀರಿ."

ಮಲ್ಲೇಶ ಎಲ್ಲರ ಮುಖ ನೋಡಿದ. ಯಾರೂ ಅವನ ಪರ ಮಾತಾಡಲಿಲ್ಲ. ಬೇವಿನ ಮರದವರೆಗೆ ಹೋಗಿ ನಿಂತ. "ಇನ್ನೂ ಕಾಣ್ತಾರ್ರಿ," ಎಂದಳು ಕೆಂಚವ್ವ. ಹೆತ್ತ ತಾಯಿಯ ಎಡೆಗೆ ಬೆನ್ನು ಹಾಕಿ, ಕಬ್ಬಿನೊಳಗೆ ಇಳಿದು, ಅವನು ಮರೆಯಾದ. ಅಷ್ಟು ಹೊತ್ತೂ ಕಾಗೆ ಎಡೆಯ ಕಡೆಗೇ ಕತ್ತು ಚಾಚುತ್ತಿತ್ತು. ಕೆಂಚವ್ವ ಅದರ ಕಾಲನ್ನು ಸೆರಗಿನಡಿ ಗಟ್ಟಿಯಾಗಿ ಹಿಡಿದಿದ್ದಳು.

ಈಗ ಬಿಟ್ಟಳು. ಎಡೆಯ ಬಳಿ ಕುಳಿತು ಹೋಳಿಗೆ ಮುರಿದಳು. ಅತ್ತೆಯನ್ನು ಸುಟ್ಟ ಜಾಗವನ್ನು ಅವಳು ಹತ್ತಿರದಿಂದ ನೋಡಿದ್ದು ಅದೇ ಮೊದಲು.

"ಬರ್ರಿ ಮಾವಾರ. ಅತ್ತಿ ಊಟಕ್ಕ ಕರ್ಯಾಕತ್ತಾಳ."

ಕಾಗೆ ಇಳಿದು ಹೋಳಿಗೆಗೆ ಕೊಕ್ಕು ಹಾಕಿತು. ಹೆಂಗಸರು ಕಣ್ಣೊರೆಸಿಕೊಂಡರು, ಗಂಡಸರು ಕೈಮುಗಿದರು.

"ಮುಟ್ಟೇತೇನ್ರಿ ಕಾಕಾ?" ಕಬ್ಬಿನೊಳಗಿಂದ ಮಲ್ಲೇಶ ಕೂಗಿದ.

ಕಾಡಸಿದ್ದ ಬಾಯಿ ತೆರೆದ. ಕೆಂಚವ್ವ ಅವನತ್ತ ತಿರುಗಿದಳು. "ಸುಮ್ನಿರ್ರಿ ಕಾಕಾ. ಆವತ್ತ ಗೇಟಿನ್ಯಾಗ ನಿಂತು ನಾನೂ ಕೇಳಿದ್ನಿ. ನೀವೂ ಅಲ್ಲೇ ಚಾ ಕುಡ್ಯಾಕತ್ತಿದ್ರಿ."

ಕಾಡಸಿದ್ದ ತೆರೆದ ಬಾಯಿ ಮುಚ್ಚಿ ನೆಲ ನೋಡಿದ.

"ಮುಟ್ಟೇತೇನ್ರಿ?" ಮತ್ತೆ ಕೂಗು ಬಂತು. ಕೆಂಚವ್ವನ ಹೊಟ್ಟೆ ತಣ್ಣಗಾಯಿತು. ಇಷ್ಟು ದಿನದಲ್ಲಿ ಮೊದಲ ಬಾರಿಗೆ.

"ಯಾರರ ಹೇಳ್ರಿ... ನಮ್ಮವ್ವ ಉಂಡಾಳೇನ್ರಿ?" ಈ ಸಲ ಮಲ್ಲೇಶನ ದನಿ ಒಡೆದಿತ್ತು.

ಕೆಂಚವ್ವ ಇನ್ನೊಂದು ತುತ್ತು ಮುರಿದು ಕಾಗೆಯ ಬಾಯಿಗಿಟ್ಟಳು. "ಸಾವಕಾಶ ಉಣ್ರಿ ಮಾವಾರ," ಎಂದಳು. "ಗಡಿಬಿಡಿ ಏನೂ ಇಲ್ಲ."